ಡ್ಯಾಂ ಮಟ್ಟ ಓದುವ ಹಾಗೆ ಜಗತ್ತನ್ನು ಓದುವುದು

ಜುಲೈ, ಆಗಸ್ಟ್ ಬಂತೆಂದರೆ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಕಡೆಯ ಹೊಳೆದಂಡೆಯ ಮನೆಗಳಲ್ಲಿ ಪೇಪರಿನ ಮೊದಲ ಪುಟಕ್ಕಿಂತ ಮುಂಚೆ ಕಣ್ಣು ಹೋಗುವುದು ಒಂದು ಸಣ್ಣ ಕೋಷ್ಟಕದ ಮೇಲೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು. ಐದೇ ಕಾಲಂ. ಓದು ಬಾರದ ಅಜ್ಜ ಮೊಮ್ಮಗನಿಂದ ಓದಿಸಿ ಕೇಳುತ್ತಾನೆ. ಕೇಳಿ, ಎಮ್ಮೆ ಎಲ್ಲಿ ಕಟ್ಟಬೇಕು, ಪಂಪ್‌ಸೆಟ್ ಯಾವಾಗ ಮೇಲೆತ್ತಬೇಕು ಅಂತ ತಾನೇ ಲೆಕ್ಕ ಹಾಕುತ್ತಾನೆ. ಗಾಬರಿಯೂ ಇಲ್ಲ, ಅಲಕ್ಷ್ಯವೂ ಇಲ್ಲ.

ಅದೇ ಮನೆಯಲ್ಲಿ ಸಂಜೆ ಟಿವಿ ಹಚ್ಚಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಕೊಲೆ, ಅಪಘಾತ, ಯುದ್ಧ, ಮೋಸ. ಊಟ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು "ಕಾಲ ಕೆಟ್ಟೈತಿ ಬಿಡ್ರಿ" ಅಂದಿರುತ್ತಾರೆ, ಮೂಲೆಯಲ್ಲಿ ಕೂತ ಹತ್ತು ವರ್ಷದ ಹುಡುಗಿ ಅದನ್ನು ಕೇಳಿಸಿಕೊಂಡಿರುತ್ತಾಳೆ. ಟಿವಿಯವರು ಹೇಳಿದ್ದು ಸುಳ್ಳೇನಲ್ಲ. ಆದರೆ ಐದು ಕಾಲಂನಲ್ಲಿ ಹೊರಹರಿವನ್ನಷ್ಟೇ ಓದಿ ಹೇಳಿದ ಹಾಗಾಯಿತು ಅದು. ಉಳಿದ ನಾಲ್ಕನ್ನು ಮನೆಯವರೇ ತುಂಬಿಕೊಳ್ಳಬೇಕು. ಅದಕ್ಕೆ ಏನೇನು ಬೇಕು, ಹೇಗೆ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದು ಮುಂದಿದೆ.

ವಹಿ ಮತ್ತು ಸೋಮವಾರ

ಸಾಮಾನು ಹೆಚ್ಚಿಲ್ಲ: 200 ಪುಟದ ಒಂದು ಉದ್ದ ವಹಿ, ಒಂದು ಪೆನ್ಸಿಲ್, ಒಂದು ಪೆನ್ನು, ಇಂಟರ್ನೆಟ್ ಇರುವ ಒಂದು ಫೋನು. ಎದುರುಬದುರಿನ ಎರಡು ಪುಟ ಸೇರಿ ಒಂದು ವಿಷಯ. ಮೇಲೆ ಐದು ಕಾಲಂ ಎಳೆಯಿರಿ: ಎಷ್ಟರಲ್ಲಿ, ಈಗ ಎಷ್ಟು, ಮೊದಲು ಎಷ್ಟಿತ್ತು, ಯಾವುದರಿಂದ ಸುಧಾರಿಸುತ್ತಿದೆ, ಯಾವುದು ಸೋರಿಸುತ್ತಿದೆ. ಬಲಗಡೆ ಅಂಚಿನಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟು ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು ಎಂದು ಬರೆಯಿರಿ. ಈ ಅಂಚು ಖಾಲಿ ಇದ್ದರೆ ಆ ಸಾಲು ಲೆಕ್ಕಕ್ಕಿಲ್ಲ.

ವಾರಕ್ಕೆ ಒಂದು ಸಲ, ಅರ್ಧ ತಾಸು ಸಾಕು. ಎತ್ತಿಗೆ ನೊಗ ಹೂಡದ ಸೋಮವಾರದ ಸಂಜೆ ಈ ಕಡೆಯ ಒಕ್ಕಲು ಮನೆಗಳಿಗೆ ಅನುಕೂಲ. ನೌಕರಿಯವರು ಬೇರೆ ದಿನ ನೋಡಿಕೊಳ್ಳಬಹುದು. ಒಂದು ಸಂಜೆಗೆ ಒಂದೇ ವಿಷಯ. ಎರಡು ಮಾಡಿದರೆ ಎರಡೂ ನೆನಪಿರುವುದಿಲ್ಲ.

ಕ್ರಮ ಮುಖ್ಯ. ಅಂಕಿ ಹುಡುಕುವ ಮುಂಚೆ ಮನೆಯ ಪ್ರತಿಯೊಬ್ಬರೂ ಪೆನ್ಸಿಲ್‌ನಲ್ಲಿ ತಮ್ಮ ಊಹೆ ಬರೆಯಬೇಕು, ಯಾರೂ ಯಾರದನ್ನೂ ನೋಡದೆ. ಆಮೇಲೆ ಅಂಕಿ ನೋಡಿ ಪೆನ್ನಿನಲ್ಲಿ ಬರೆಯಿರಿ. ಊಹೆಯನ್ನು ಅಳಿಸಬೇಡಿ. ಊಹೆ ಬರೆಯದೆ ನೇರ ಅಂಕಿ ಓದಿದರೆ "ಹೌದೇನು" ಅಂದು ಎದ್ದು ಹೋಗುತ್ತಾರೆ. ತಾನು 80 ಅಂದುಕೊಂಡಿದ್ದು 28 ಎಂದು ಕಂಡಾಗ ಮಾತ್ರ ಅದು ತಲೆಯಲ್ಲಿ ಕೂರುತ್ತದೆ.

ಸಾವಿರ ಕಾಳು ಜೋಳ

ಮೊದಲ ಸಂಜೆಗೆ ಶಿಶುಮರಣ ತೆಗೆದುಕೊಳ್ಳಿ. ಹುಟ್ಟಿದ 1000 ಮಕ್ಕಳಲ್ಲಿ ಎಷ್ಟು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣದೆ ಹೋಗುತ್ತವೆ ಎಂಬ ಲೆಕ್ಕ. ಶೇಕಡಾವಾರು ಮಕ್ಕಳಿಗೆ ಹತ್ತುವುದಿಲ್ಲ, ದೊಡ್ಡವರಿಗೂ ಅಷ್ಟಕ್ಕಷ್ಟೇ. ಹಾಗಾಗಿ ಡಬ್ಬಿಯಿಂದ ಬಿಳಿಜೋಳ ತೆಗೆಯಿರಿ. ಮಾಲದಂಡಿಯಾದರೆ ಸಾವಿರ ಕಾಳಿಗೆ ಸುಮಾರು 30ರಿಂದ 40 ಗ್ರಾಂ, ಒಂದು ಮುಷ್ಟಿಯಷ್ಟು. ನೂರು ನೂರರ ಹತ್ತು ಗುಂಪು ಮಾಡಿ ಎಣಿಸಿ. ಒಟ್ಟಿಗೆ ಎಣಿಸಹೋದರೆ 400 ದಾಟುವಷ್ಟರಲ್ಲಿ ತಪ್ಪಿ ಜಗಳ ಶುರುವಾಗುತ್ತದೆ. ಕರಿ ಬಟ್ಟೆಯ ಮೇಲೆ ಹರಡಿದರೆ ಕಾಳು ಚಲೋ ಕಾಣುತ್ತದೆ.

1971ರಲ್ಲಿ ಭಾರತದ ಅಂಕಿ 129. ಮಗುವಿನ ಕೈಯಿಂದಲೇ 129 ಕಾಳು ತೆಗೆಸಿ ಪಕ್ಕದ ತಟ್ಟೆಗೆ ಹಾಕಿಸಿ. ನೂರರ ಒಂದು ಗುಂಪು ಪೂರ್ತಿ ಹೋಗಿ, ಇನ್ನೊಂದರಿಂದಲೂ ತೆಗೆಯಬೇಕಾಗುತ್ತದೆ. ಈಗ ಅವನ್ನು ವಾಪಸ್ ಹಾಕಿ, 2020ರ ಅಂಕಿ ಎಣಿಸಿ: 28. ಕರ್ನಾಟಕದ್ದು ಅದೇ ವರ್ಷ 19. ತಟ್ಟೆಯಲ್ಲಿ ಉಳಿದ 19 ಕಾಳು ಅಂಗೈಯ ಗುಣಿಯೊಳಗೆ ಹಿಡಿಯುತ್ತವೆ.

ಇಲ್ಲಿಗೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಇದು ಬರೀ ಸಿಹಿಸುದ್ದಿಯಾಗುತ್ತದೆ. ವರ್ಷಕ್ಕೆ ಎರಡು ಕೋಟಿಗಿಂತ ಹೆಚ್ಚು ಹೆರಿಗೆಯಾಗುವ ದೇಶದಲ್ಲಿ ಸಾವಿರಕ್ಕೆ 28 ಎಂದರೆ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು. ಮಟ್ಟ ಬೇರೆ, ದಿಕ್ಕು ಬೇರೆ. ಆಲಮಟ್ಟಿ ಅರ್ಧ ಖಾಲಿ ಇದ್ದಾಗಲೂ ಒಳಹರಿವು ಜೋರಾಗಿರಬಹುದು. "ಖಾಲಿ ಐತಿ" ಎನ್ನುವುದೂ ಖರೆ, "ಏರಾಕತ್ತೈತಿ" ಎನ್ನುವುದೂ ಖರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಕಲಿಯುವುದೇ ಇಡೀ ಅಭ್ಯಾಸದ ತಿರುಳು.

ಒಳಹರಿವಿನ ಕಾಲಂಗೆ: ಆಸ್ಪತ್ರೆಯ ಹೆರಿಗೆ. ದೇಶದಲ್ಲಿ 2005–06ರಲ್ಲಿ ನೂರಕ್ಕೆ 38.7 ಇದ್ದದ್ದು 2019–21ರಲ್ಲಿ 88.6. ಅದರ ಹಿಂದೆ ಆಶಾ ಕಾರ್ಯಕರ್ತೆಯರಿದ್ದಾರೆ, ಲಸಿಕೆಯಿದೆ, 108 ಗಾಡಿಯಿದೆ. ಓಣಿಯ ಆಶಾ ಕಾರ್ಯಕರ್ತೆಯ ಹೆಸರು ಮನೆಯ ಮಕ್ಕಳಿಗೆ ಗೊತ್ತೇ ಎಂದು ಕೇಳಿ ನೋಡಿ. ಹೊರಹರಿವಿಗೆ: 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳ ರಕ್ತಹೀನತೆ 2015–16ರಲ್ಲಿ ನೂರಕ್ಕೆ 53.1 ಇದ್ದದ್ದು ಮುಂದಿನ ಸಮೀಕ್ಷೆಯಲ್ಲಿ 57ಕ್ಕೆ ಏರಿದೆ. ಕೆಟ್ಟ ದಿಕ್ಕಿಗೆ ಹೋದ ಅಂಕಿಯನ್ನು ಕೆಂಪು ಪೆನ್ನಿನಲ್ಲಿ ಬರೆದರೆ ಮುಂದೆ ಹುಡುಕಲು ಸುಲಭ.

ಲಕ್ಷ ಕ್ಯೂಸೆಕ್ ಎಂದರೆ ಎಷ್ಟು

ದೊಡ್ಡ ಸಂಖ್ಯೆ ಕೇಳಿದ ಕೂಡಲೇ ಎದೆ ಧಸಕ್ಕೆನ್ನುವುದು ಸಹಜ. ಅದನ್ನು ಮುರಿಯಲು ನಮ್ಮ ಕಡೆಯವರಿಗೆ ಕೃಷ್ಣೆಗಿಂತ ಒಳ್ಳೆಯ ಮಾಸ್ತರಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ನೀರು 24 ತಾಸು ಹರಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆಲಮಟ್ಟಿಯ ಸಾಮರ್ಥ್ಯ 123 ಟಿಎಂಸಿ. ಪೂರ್ತಿ ಖಾಲಿ ಇದೆ ಎಂದುಕೊಂಡರೂ, ಲಕ್ಷ ಕ್ಯೂಸೆಕ್ ಒಂದೇ ಸಮನೆ ಬಂದರೆ ತುಂಬಲು 14 ದಿನ ಬೇಕು. 8.64 ಎಂಬ ಈ ಒಂದು ಅಂಕಿಯನ್ನು ವಹಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

"2 ಲಕ್ಷ ಕ್ಯೂಸೆಕ್ ಬಿಡುಗಡೆ" ಎಂಬ ಕೆಂಪು ಪಟ್ಟಿ ಕಂಡಾಗ ಮಕ್ಕಳಿಗೆ ಮೂರು ಪ್ರಶ್ನೆ ಕೊಡಿ. ಒಳಹರಿವು ಎಷ್ಟು? ಅದೂ 2 ಲಕ್ಷವಾದರೆ ಮಟ್ಟ ಇದ್ದಲ್ಲೇ ಇರುತ್ತದೆ. ಹಿಂದೆ ಅತಿ ಹೆಚ್ಚು ಬಿಟ್ಟದ್ದು ಯಾವಾಗ? 2019ರ ಆಗಸ್ಟ್‌ನ ಮಹಾಪೂರದಲ್ಲಿ 5 ಲಕ್ಷ ದಾಟಿತ್ತು. ಮೂರನೆಯದು, ನಮ್ಮೂರು ಡ್ಯಾಂನ ಮೇಲಿದೆಯೋ ಕೆಳಗೋ? ಇದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಆಲಮಟ್ಟಿಯಿಂದ ಬಿಟ್ಟ ನೀರು ಮುದ್ದೇಬಿಹಾಳ, ಹುನಗುಂದದ ಹೊಳೆಸಾಲಿಗೆ ಹೋಗುತ್ತದೆ. ಅಥಣಿ, ಜಮಖಂಡಿಯವರು ಮೇಲಿನವರು. ಅವರು ನೋಡಬೇಕಾದ್ದು ಮಹಾರಾಷ್ಟ್ರದ ಕೊಯ್ನಾ ಡ್ಯಾಂ ಮತ್ತು ರಾಜಾಪುರ ಬ್ಯಾರೇಜಿನ ಅಂಕಿ. ಆಲಮಟ್ಟಿಯ ಹೊರಹರಿವು ಹೆಚ್ಚಾದರೆ ಹಿನ್ನೀರಿನ ಅಂಚಿನವರಿಗೆ ಅದು ಸಮಾಧಾನದ ಸುದ್ದಿ. ಒಂದೇ ಶೀರ್ಷಿಕೆ, ಇಬ್ಬರಿಗೆ ಎರಡು ಅರ್ಥ.

ಅದೇ 2 ಲಕ್ಷ ಕ್ಯೂಸೆಕ್ಕನ್ನು "ಸೆಕೆಂಡಿಗೆ 56.6 ಲಕ್ಷ ಲೀಟರ್" ಎಂದೂ ಬರೆಯಬಹುದು. ನೀರು ಅಷ್ಟೇ, ಹೆದರಿಕೆ ದುಪ್ಪಟ್ಟು. ಹಣ, ಸಾವು, ಸಾಲ, ಯಾವುದೇ ದೊಡ್ಡ ಸಂಖ್ಯೆ ಬಂದರೂ ಹೀಗೇ ಒಡೆಯಿರಿ: ದಿನಕ್ಕೆ ಎಷ್ಟು, ಲಕ್ಷ ಜನರಿಗೆ ಎಷ್ಟು, ಹಿಂದಿನ ಅತಿ ಹೆಚ್ಚು ಎಷ್ಟು.

ಅಂಕಿ ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

ಮೂರು ಕಡೆ ಸಾಕು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಜನನ ಮರಣಕ್ಕೆ ಮಾದರಿ ನೋಂದಣಿ ವ್ಯವಸ್ಥೆಯ ವರದಿ, ಆರೋಗ್ಯ ಮತ್ತು ಮದುವೆ ವಯಸ್ಸಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಈ ಸಮೀಕ್ಷೆಯು ಪ್ರತಿ ಜಿಲ್ಲೆಗೂ ಕೆಲವೇ ಪುಟದ ಫ್ಯಾಕ್ಟ್‌ಶೀಟ್ ಕೊಡುತ್ತದೆ, ಹಿಂದಿನ ಸಮೀಕ್ಷೆಯ ಅಂಕಿ ಪಕ್ಕದಲ್ಲೇ ಇರುತ್ತದೆ. ಅಂದರೆ ಐದರಲ್ಲಿ ಮೂರು ಕಾಲಂ ಸಿದ್ಧ. ಇಂಗ್ಲಿಷಿನಲ್ಲಿದೆ, ಪ್ರೌಢಶಾಲೆಯ ಮಗುವಿಗೆ ಓದಲು ಬರುತ್ತದೆ.

ಜಿಲ್ಲೆಗೆ ಸುಮಾರು 900 ಮನೆಗಳನ್ನಷ್ಟೇ ಕೇಳಿ ಮಾಡಿದ ಲೆಕ್ಕ ಅದು. ಹೀಗಾಗಿ ಒಂದೆರಡು ಅಂಕದ ಏರಿಳಿತವನ್ನು "ಸುಧಾರಣೆ" ಅಥವಾ "ಕುಸಿತ" ಎಂದು ಬರೆಯಬೇಡಿ, ಸಮ ಎಂದು ಬರೆಯಿರಿ. ಆವರಣದೊಳಗೆ ಮುದ್ರಿಸಿದ ಅಂಕಿ 25ರಿಂದ 49 ಜನರಿಂದ ಮಾತ್ರ ಬಂದದ್ದು. ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ ಜನ, ಅಂಕಿಯನ್ನೇ ಕೊಟ್ಟಿರುವುದಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಯವರಿಗೆ ಇನ್ನೆರಡು ಗುಂಡಿಗಳಿವೆ. 2014ರ ನವೆಂಬರ್‌ಗೆ ಮುಂಚಿನ ದಾಖಲೆಗಳಲ್ಲಿ ಬೆಳಗಾಂ, ಬಿಜಾಪುರ ಎಂದು ಹುಡುಕಬೇಕು. ಅದಕ್ಕಿಂತ ದೊಡ್ಡದು: ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1991ರ "ಬಿಜಾಪುರ"ದೊಳಗೆ ಇಂದಿನ ಎರಡೂ ಜಿಲ್ಲೆಗಳಿವೆ. ಅದನ್ನು ಇಂದಿನ ವಿಜಯಪುರದ ಎದುರು ಇಟ್ಟರೆ ಜನಸಂಖ್ಯೆಯೇ ಕುಸಿದಂತೆ ಕಾಣುತ್ತದೆ.

ಹೋಲಿಸುವ ವರ್ಷ ಆರಿಸುವಾಗಲೂ ಎಚ್ಚರ ಬೇಕು. ದೇಶದಲ್ಲಿ ರಸ್ತೆ ಅಪಘಾತದ ಸಾವು 2020ರಲ್ಲಿ 1,31,714, 2022ರಲ್ಲಿ 1,68,491. ಎರಡೇ ವರ್ಷದಲ್ಲಿ ಇಷ್ಟೊಂದು ಏರಿತೇ ಎಂದು ಬಾಯಿ ತೆರೆಯುವ ಮುಂಚೆ, 2020 ಲಾಕ್‌ಡೌನ್ ವರ್ಷ ಎಂದು ನೆನಪಿಸಿಕೊಳ್ಳಿ. 2012ರ 1,38,258ರ ಜೊತೆ ಇಟ್ಟು ನೋಡಿದರೆ ಏರಿಕೆ ನಿಜವೇ, ಆದರೆ ಅದರ ಆಕಾರ ಬೇರೆ.

ಅಜ್ಜಿಯ ಕಾಲಂ

"ಮೊದಲು ಎಷ್ಟಿತ್ತು" ಎಂಬ ಕಾಲಂಗೆ ಮನೆಯಲ್ಲೇ ಸಾಕ್ಷಿ ಕೂತಿರುತ್ತಾರೆ. ಆದರೆ ಅವರಿಗೆ ಅಂಕಿ ತೋರಿಸಿ "ನೋಡಬೇ, ಕಾಲ ಕೆಟ್ಟಿಲ್ಲ" ಎನ್ನುವುದು ಕೆಟ್ಟ ಆರಂಭ. ಹಿರಿಯರು ಕಾಲ ಕೆಟ್ಟಿದೆ ಎನ್ನುವಾಗ ಬಹುಪಾಲು ಶಿಶುಮರಣದ ಬಗ್ಗೆ ಮಾತಾಡುತ್ತಿರುವುದಿಲ್ಲ. ಮಾತಾಡಿಸುವವರಿಲ್ಲ ಎಂದು ಹೇಳುತ್ತಿರುತ್ತಾರೆ. ಅದಕ್ಕೆ ಫ್ಯಾಕ್ಟ್‌ಶೀಟ್‌ನಲ್ಲಿ ಕಾಲಂ ಇಲ್ಲ, ವಹಿಯನ್ನು ಬದಿಗಿಟ್ಟು ಪಕ್ಕದಲ್ಲಿ ಕೂರುವುದೇ ಔಷಧ.

ಕೇಳುವುದಿದ್ದರೆ ನೀರಿನಿಂದ ಶುರು ಮಾಡಿ. ಎಲ್ಲಿಂದ ತರುತ್ತಿದ್ದಿರಿ, ದಿನಕ್ಕೆ ಎಷ್ಟು ಕೊಡ, ಯಾವ ಹೊತ್ತಿಗೆ ಏಳುತ್ತಿದ್ದಿರಿ. ಎಷ್ಟು ಹಡೆದಿರಿ, ಎಷ್ಟು ಉಳಿದವು ಎಂಬ ಪ್ರಶ್ನೆಯನ್ನು ನೀವಾಗಿ ಎತ್ತಬೇಡಿ; ಅವರೇ ಎತ್ತಿದರೆ ಪೆನ್ನು ಕೆಳಗಿಟ್ಟು ಕೇಳಿ.

ನೀರಿನ ಮಾತು ಮೆಟ್ಟಿಲುಬಾವಿಗೆ ಬಂದರೆ, ಎಪ್ಪತ್ತು ದಾಟಿದವರಲ್ಲಿ ಕೆಲವರಾದರೂ ನಾರುಹುಣ್ಣಿನ ಹೆಸರು ತೆಗೆಯುತ್ತಾರೆ. ಇದು ವಹಿಯಲ್ಲಿ ಎರಡು ಪುಟ ಪೂರ್ತಿ ಪಡೆಯಬೇಕಾದ ವಿಷಯ. ಕಾಲಿನ ಚರ್ಮದ ಕೆಳಗಿಂದ ಮೀಟರ್‌ವರೆಗೆ ಉದ್ದದ, ದಾರದಂಥ ಹುಳ ಹೊರಬರುತ್ತಿತ್ತು. ಎಳೆದರೆ ಕಡಿದು ಕೀವಾಗುತ್ತದೆಂದು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪಸ್ವಲ್ಪವೇ, ವಾರಗಟ್ಟಲೆ ತೆಗೆಯುತ್ತಿದ್ದರು. ಹುಣ್ಣಿನ ಕಾಲು ನೀರಿಗೆ ಇಳಿದಾಗ ಹುಳ ಮರಿ ಬಿಡುತ್ತದೆ, ಮರಿಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಿನ ಚಿಗಟ ತಿನ್ನುತ್ತದೆ, ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಹುಣ್ಣು. ಪೀಡೆಯಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸುವುದು, ಬಾವಿಗೆ ಕೀಟನಾಶಕ, ಮೆಟ್ಟಿಲಿಳಿಯದಂತೆ ಕಟ್ಟೆ, ಕೈಪಂಪು. ಇಷ್ಟರಿಂದಲೇ ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಿಸಿತು. ಈ ಸುದ್ದಿ ಯಾವ ಟಿವಿಯಲ್ಲೂ ಕೆಂಪು ಪಟ್ಟಿಯಾಗಲಾರದು, ಯಾಕೆಂದರೆ ಇಂದು ಯಾರಿಗೂ ಹುಣ್ಣಾಗಲಿಲ್ಲ ಎಂಬುದು ದಿನದಿನವೂ ಖರೆ.

ಬರದ ಪುಟವೂ ಇದೇ ಜಾತಿಯದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮಳೆ ಕೈಕೊಡುವುದು ನಿಂತಿಲ್ಲ. 1876–78ರ ಹಾಗೆ ಬರ ಕ್ಷಾಮವಾಗುವುದು ನಿಂತಿದೆ: ಪಡಿತರ, ರೈಲು, ಕಾಲುವೆ, ಖಾತ್ರಿ ಕೆಲಸ ನಡುವೆ ಬಂದಿವೆ. ಸೋರುವ ಕಾಲಂನಲ್ಲಿ ಗುಳೆ ಮತ್ತು ಸಾಲ ಬರೆಯಲು ಮರೆಯಬೇಡಿ.

ಕೆಂಪು ಪುಟಕ್ಕೆ ಒಂದು ಕೆಲಸ

ಕೆಟ್ಟ ದಿಕ್ಕಿನ ಅಂಕಿ ಬರೆದು ಸುಮ್ಮನೆ ವಹಿ ಮುಚ್ಚಿದರೆ ಮಕ್ಕಳಿಗೆ ಉಳಿಯುವುದು ಭಾರ ಮಾತ್ರ. ಪ್ರತಿ ಕೆಂಪು ಪುಟದ ಕೆಳಗೆ ಈ ಮನೆಯಿಂದ ಆಗುವ ಒಂದು ಕೆಲಸ ಬರೆಯಿರಿ. ಒಂದೇ, ಅದೂ ವಾರದೊಳಗೆ ಮುಗಿಯುವಂಥದು.

ರಸ್ತೆಯ ಪುಟ ತೆಗೆದುಕೊಳ್ಳಿ. 2022ರ ಲೆಕ್ಕ ಒಡೆದರೆ ದಿನಕ್ಕೆ ಸುಮಾರು 460 ಸಾವು. ವಿಮಾನ ಬಿದ್ದರೆ ವಾರಗಟ್ಟಲೆ ಸುದ್ದಿ. ಇದು ದಿನಾ ಆಗುವುದರಿಂದಲೇ ಸುದ್ದಿಯಲ್ಲ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ ಇದಕ್ಕೊಂದು ಸ್ಥಳೀಯ ಮುಖವಿದೆ: ನುರಿಯುವ ಹಂಗಾಮಿನಲ್ಲಿ ರಾತ್ರಿ ಹೊತ್ತು ಹಿಂದೆ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಮನೆಯದೋ ನೆಂಟರದೋ ಟ್ರೇಲರ್ ಇದ್ದರೆ 50 ಮಿಲಿಮೀಟರ್ ಅಗಲದ ಪ್ರತಿಫಲಕ ಟೇಪು ತನ್ನಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ದೂಳಿನ ಮೇಲೆ ಹಚ್ಚಿದರೆ ಎರಡು ಟ್ರಿಪ್ಪಿಗೆ ಕಿತ್ತು ಬರುತ್ತದೆ. ಒಣಬಟ್ಟೆಯಿಂದ ಒರೆಸಿ, ಥಿನ್ನರ್ ಹಚ್ಚಿ, ಪೂರ್ತಿ ಆರಿದ ಮೇಲೆ ಅಂಗೈಯಿಂದ ಒತ್ತಿ ಹಚ್ಚಿ. ಹೇರಿದ ಕಬ್ಬಿನ ಸೋಗೆ ಇಳಿಬಿದ್ದು ಮುಚ್ಚದ ಹಾಗೆ, ಹಿಂಬದಿಯ ಕೆಳ ಅಂಚಿನಲ್ಲಿರಲಿ. ರಾತ್ರಿ ಐವತ್ತು ಹೆಜ್ಜೆ ದೂರದಿಂದ ಬ್ಯಾಟರಿ ಬಿಟ್ಟು ನೋಡುವ ಕೆಲಸ ಮಕ್ಕಳದು.

ಫಾರ್ವರ್ಡ್ ಬಂದಾಗ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಗೆಳೆಯರ ಗುಂಪನ್ನು ಮಕ್ಕಳ ಕಳ್ಳರೆಂದು ಜನ ಬಡಿದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತ. ಆ ವರ್ಷ ದೇಶದ ತುಂಬ ಓಡಾಡಿದ ಅಪಹರಣದ ಒಂದು ವಿಡಿಯೊ ಕರಾಚಿಯ ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರದ್ದು, ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗ ಕತ್ತರಿಸಿದ್ದು. 2022ರ ಸೆಪ್ಟೆಂಬರ್‌ನಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಲವಂಗಾದಲ್ಲಿ ಒಬ್ಬ ಹುಡುಗನಿಗೆ ದಾರಿ ಕೇಳಿ ಪೆಟ್ಟು ತಿಂದರು. ಅಂದರೆ ಇದು ದೂರದ ಊರಿನ ಕತೆಯಲ್ಲ.

ಮನೆಯ ನಿಯಮ ಹೀಗಿರಲಿ. ವಾಟ್ಸಾಪ್ ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಮುಂದಕ್ಕೆ ಕಳಿಸುವುದನ್ನು ಮರುದಿನ ಬೆಳಗಿನವರೆಗೆ ತಡೆಯಿರಿ. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಮುಖದ ಚಿತ್ರಕ್ಕಿಂತ ಹಿನ್ನೆಲೆಯ ಚಿತ್ರ ಒಳ್ಳೆಯದು: ಅಂಗಡಿ ಬೋರ್ಡಿನ ಲಿಪಿ, ಗಾಡಿಯ ನಂಬರ್ ಪ್ಲೇಟ್, ರಸ್ತೆಯ ಎಡಬಲ. ಊರು, ದಿನಾಂಕ, ಠಾಣೆಯ ಹೆಸರು, ಈ ಮೂರರಲ್ಲಿ ಒಂದೂ ಇಲ್ಲದ ಸುದ್ದಿಯನ್ನು ಸುದ್ದಿ ಅನ್ನಬೇಡಿ. ನಿಜಕ್ಕೂ ಮಗು ಅಪಾಯದಲ್ಲಿದೆ ಅನಿಸಿದರೆ ಗ್ರೂಪಿಗೆ ಹಾಕುವ ಬದಲು 112ಕ್ಕೋ 1098ಕ್ಕೋ ಫೋನು ಹಚ್ಚಿ. ತಪ್ಪು ಕಳಿಸಿದ ಕಾಕಾನನ್ನು ಗ್ರೂಪಿನಲ್ಲೇ ತಿದ್ದಬೇಡಿ. ಹಟ ಬರುತ್ತದೆ, ಬೇರೆಯಾಗಿ ಹೇಳಿದರೆ ಅವರೇ ಅಳಿಸುತ್ತಾರೆ.

ಟಿವಿಗೆ ಒಂದು ಪರೀಕ್ಷೆ: ಹತ್ತು ವರ್ಷದ ಮಗುವಿಗೆ ಕಾಗದ ಕೊಟ್ಟು, ಒಂದು ತಾಸಿನ ಸುದ್ದಿಯಲ್ಲಿ ಒಂದೇ ತುಣುಕು ಎಷ್ಟು ಸಲ ಬಂತು ಎಂದು ಗೆರೆ ಹಾಕಲು ಹೇಳಿ. ಗೆರೆ ಎಣಿಸಿದ ಮೇಲೆ ಬೈಯುವ ಅಗತ್ಯ ಬೀಳುವುದಿಲ್ಲ. ಏಳೆಂಟಕ್ಕಿಂತ ಸಣ್ಣವರಿಗೆ ಮಾತ್ರ ಈ ಆಟ ಬೇಡ. ಮರುಪ್ರಸಾರ ಎಂಬುದು ಅವರಿಗೆ ತಿಳಿಯುವುದಿಲ್ಲ, ಹತ್ತು ಸಲ ತೋರಿಸಿದರೆ ಹತ್ತು ಮನೆ ಬಿದ್ದವು ಅಂದುಕೊಳ್ಳುತ್ತಾರೆ. ಊಟದ ಹೊತ್ತು ಮತ್ತು ಮಲಗುವ ಮುಂಚಿನ ತಾಸು ಟಿವಿ ಆರಿರಲಿ.

ವಹಿ ತೆರೆಯಬಾರದ ದಿನಗಳೂ ಇವೆ. ಓಣಿಯಲ್ಲಿ ಯಾರಾದರೂ ಹೋದ ದಿನ, ಮಗು ಯಾವುದೋ ಸುದ್ದಿ ನೋಡಿ ಅತ್ತ ದಿನ, ಸರಾಸರಿ ಇಳಿದಿದೆ ಎಂಬ ಮಾತು ಕ್ರೂರ. ಸರಾಸರಿಯೊಳಗೆ ಏನೇನು ಅಡಗಿರುತ್ತದೆ ಎಂಬುದನ್ನು ಬೇರೆ ದಿನ ತೋರಿಸಿ: 2020ರ ಅದೇ 28ರೊಳಗೆ ಕೇರಳದ 6 ಇದೆ, ಮಧ್ಯಪ್ರದೇಶದ 43 ಇದೆ.

ಕೊನೆಯ ಪುಟವನ್ನು ಸಾಕ್ಷರತೆಗೆ ಇಡಿ. 2001ರಲ್ಲಿ ಬೆಳಗಾವಿ 64.21, ಬಾಗಲಕೋಟೆ 57.30, ವಿಜಯಪುರ 57.01. 2011ರಲ್ಲಿ ಅದೇ ಕ್ರಮದಲ್ಲಿ 73.48, 68.82, 67.15. 2021ರ ಗಣತಿ ಮುಂದೆ ಹೋಗಿ, ಈಗ 2027ರ ಮಾರ್ಚ್ 1 ಆಧಾರದ ದಿನ ಎಂದು ನಿಗದಿಯಾಗಿದೆ. ಮೂರನೆಯ ಸಾಲು ಖಾಲಿ ಬಿಟ್ಟು, ಅಜ್ಜಿಯಿಂದ ಹಿಡಿದು ಎಲ್ಲರ ಊಹೆಯನ್ನೂ ಪೆನ್ಸಿಲ್‌ನಲ್ಲಿ, ಹೆಸರಿನ ಮೊದಲ ಅಕ್ಷರದ ಜೊತೆ ಬರೆಸಿಟ್ಟುಕೊಳ್ಳಿ. ಹೆಣ್ಣುಮಕ್ಕಳದ್ದು ಬೇರೆ ಸಾಲು.